ತಕ್ಕಡಿಯ ಎಂಟು ಎಂಎಲ್

ಲಾರಿ ತೂಗುವ ಕಡೆ ಮನುಷ್ಯರು ಲೆಕ್ಕಕ್ಕಿಲ್ಲ. ಇದು ವೇದಾಂತವಲ್ಲ, ಅಲ್ಲಿನ ನಿಯಮ. ನೆಲಕ್ಕೆ ಸಮನಾಗಿ ಹಾಸಿದ ಕಬ್ಬಿಣದ ದೊಡ್ಡ ಹಲಗೆಯ ಮೇಲೆ ಲಾರಿ ಬಂದು ನಿಂತರೆ ಡ್ರೈವರ್ ಇಳಿಯಬೇಕು, ಕ್ಲೀನರ್ ಇಳಿಯಬೇಕು, ಮೂಟೆಗಳ ಮೇಲೆ ಮಲಗಿದವನಿದ್ದರೆ ಅವನನ್ನೂ ಎಬ್ಬಿಸಿ ಇಳಿಸಬೇಕು. ಆಮೇಲೆ ಕಿಟಕಿಯೊಳಗಿನ ಕೆಂಪು ಅಂಕಿಗಳು ಮೇಲೆ ಕೆಳಗೆ ಒಂದಿಷ್ಟು ಹೊತ್ತು ಕುಣಿದು, ದಣಿದು, ಒಂದು ಕಡೆ ನಿಲ್ಲುತ್ತವೆ. ನಿಂತ ಮೇಲೆ ಬರೆದುಕೊಳ್ಳಬೇಕು. ಹೀಗೆ ಅಂಕಿ ನಿಲ್ಲುವುದನ್ನೇ ಕಾಯುತ್ತಾ ಒಬ್ಬ ಮನುಷ್ಯ ಆ ಕಿಟಕಿಯ ಹಿಂದೆ ಇಪ್ಪತ್ತಮೂರು ವರ್ಷ ಕೂತಿದ್ದ. ಡ್ರೈವರುಗಳು ಅವನಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು.

ಎರಡು ತಿಂಗಳ ಮಟ್ಟಿಗೆಂದು ಸೇರಿದವನು. ಕಾಲೇಜಿನ ಪರೀಕ್ಷೆಯಲ್ಲಿ ಒಂದು ವಿಷಯ ಉಳಿದುಕೊಂಡಿತ್ತು. ಅದು ಉಳಿದೇಬಿಟ್ಟಿತು, ಇವನೂ ಉಳಿದೇಬಿಟ್ಟ. ಆಳು ಸಣಕಲು. ಅವನನ್ನು ಅವನದೇ ಹಲಗೆಯ ಮೇಲೆ ನಿಲ್ಲಿಸಿದರೆ ಅಂಕಿ ನಲವತ್ತಕ್ಕೆ ಸುಮ್ಮನಾಗುತ್ತಿತ್ತು. ಯಂತ್ರದ ತಪ್ಪಲ್ಲ. ಅದು ಇಪ್ಪತ್ತು ಕಿಲೋದ ಮೆಟ್ಟಿಲು ಮೆಟ್ಟಿಲಾಗಿ ಎಣಿಸುತ್ತದೆ, ನಡುವಿನದೆಲ್ಲ ಅದಕ್ಕೆ ಗಾಳಿ. ಅರ್ಧ ಚಕ್ರವನ್ನು ಹಲಗೆಯಿಂದಾಚೆ ಬಿಟ್ಟು ಲಾರಿ ನಿಲ್ಲಿಸುವ ಚಾಲಾಕಿಗಳನ್ನು ಅವನು ಕಿಟಕಿಯಿಂದಲೇ ವಾಸನೆ ಹಿಡಿಯುತ್ತಿದ್ದ.

“ಏ ತಕ್ಕಡಿ, ಬೇಗ ಬರ್ಕೊಡೋ. ಅಂಕಿ ನಿಂತ್ಕೊಂಡು ಅರ್ಧ ಗಂಟೆ ಆಯ್ತು.”

“ಅಂಕಿ ನಿಂತಿದೆ. ನಿನ್ನ ಹಿಂದಿನ ಚಕ್ರ ನಿಂತಿಲ್ಲ, ಅದು ರಸ್ತೇಲಿದೆ. ಮುಂದೆ ತಗೋ.”

ಅವನ ಪುಸ್ತಕದಲ್ಲಿ ತಿದ್ದು, ಗೀಚು ಇರುತ್ತಿರಲಿಲ್ಲ. ಒಟ್ಟು ತೂಕ, ಖಾಲಿ ತೂಕ, ನಿವ್ವಳ ತೂಕ, ಮೂರೇ ಕಾಲಮ್ಮು. ಅಲ್ಲಿಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ತುಂಬಿಕೊಂಡು ಹೊರಟ ಲಾರಿ ಯಾವ ಕಾರಣಕ್ಕೋ ಸರಕು ಇಳಿಸದೆ ಅದೇ ಪಾಳಿಯಲ್ಲಿ ವಾಪಸ್ ಬಂದರೆ ಅದಕ್ಕೆ ಚೀಟಿಯಿಲ್ಲ, ದಾಖಲೆಯಿಲ್ಲ. ಹೋದದ್ದೇ ಬಂದಿದೆ, ಬಂದದ್ದೇ ಮತ್ತೆ ಹೋಗುತ್ತದೆ. ಪುಸ್ತಕದ ಪಾಲಿಗೆ ಅದು ಗೇಟು ದಾಟಿಯೇ ಇಲ್ಲ.

ಮದುವೆಯಾದದ್ದು ಮೂವತ್ತನಾಲ್ಕಕ್ಕೆ. ಹೆಂಡತಿ ದರ್ಜಿ ಅಂಗಡಿಯೊಂದರಲ್ಲಿ ಕಾಜಾ ಹಾಕುವವಳು. ಗುಂಡಿ ತೂರುವ ತೂತಿನ ಸುತ್ತ ಕೂದಲೆಳೆ ಅಂತರದಲ್ಲಿ ದಾರ ಸುತ್ತಿ ಸುತ್ತಿ ಕಣ್ಣಿಗೂ ಮಾತಿಗೂ ಒಂದು ಮೊನೆ ಬಂದಿತ್ತು. ತಕ್ಕಡಿಗೆ ತಕ್ಕವಳು.

“ರೀ, ಸಾರಿಗೆ ಉಪ್ಪು ಸರಿಯಿದೆಯಾ?”

“ತಾಳು, ಅಂಕಿ ನಿಲ್ಲಲಿ.”

“ನಿಲ್ಲೋ ಹೊತ್ತಿಗೆ ಆರಿಹೋಗಿರುತ್ತೆ. ನೀವು ಹೊಗಳೋದ್ರೊಳಗೆ ಹಸಿವೇ ಇರಲ್ಲ.”

ಹೀಗೆ ಒಂಬತ್ತು ವರ್ಷ. ಮಕ್ಕಳಾಗಲಿಲ್ಲ. ಕೇಳುವವರು ಮೊದಲು ಜೋರಾಗಿ ಕೇಳಿದರು, ಆಮೇಲೆ ಮೆಲ್ಲಗೆ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ಆ ಮೂರರಲ್ಲಿ ಕೊನೆಯದೇ ಜಾಸ್ತಿ ಚುಚ್ಚಿತು. ಹತ್ತನೆಯ ವರ್ಷ ಒಮ್ಮೆಗೇ ಎರಡು ಬಂದವು. ಬರುವ ಅವಸರಕ್ಕೆ ಏಳನೇ ತಿಂಗಳೂ ಪೂರ್ತಿ ತುಂಬಿರಲಿಲ್ಲ. ಗಂಡು ಏಳುನೂರ ಎಂಬತ್ತು ಗ್ರಾಂ. ಹೆಣ್ಣು ಸಾವಿರದ ನಲವತ್ತು.

ತಕ್ಕಡಿ ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಓದಿ ಸಿಸ್ಟರನ್ನು ಕೇಳಿದ: “ಇದು ಕಿಲೋದಲ್ಲಾ?” ಅಲ್ಲವೆಂದು ಅವನಿಗೂ ಗೊತ್ತಿತ್ತು. ಗ್ರಾಂ ಎನ್ನುವ ಅಳತೆಯ ಜೊತೆ ಅವನಿಗೆ ವ್ಯವಹಾರವೇ ಇರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಗಂಡು ಹೋಯಿತು. ಬಿಳಿ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟರು. ಹುಟ್ಟಿದ ಮೇಲೆ ಅವನು ಮಗನನ್ನು ಎತ್ತಿಕೊಂಡದ್ದು ಅದೇ ಮೊದಲು. ಅಭ್ಯಾಸಬಲದಿಂದ ಕೈಗಳು ತೂಕ ಅಂದಾಜಿಸಲು ನೋಡಿದವು, ಅವನು ಬಿಡಲಿಲ್ಲ. ಅವಳಿಯಲ್ಲಿ ಅವಳು ಉಳಿದಳು. ಗಾಜಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ‘ಅವಳಿ ಎರಡು’ ಎಂದೇ ಇತ್ತು. ಅದನ್ನು ಬದಲಾಯಿಸಿ ಎಂದು ಹೆಂಡತಿ ಹೇಳಲಿಲ್ಲ, ಇವನೂ ಹೇಳಲಿಲ್ಲ.

ಆ ವಾರ್ಡಿನಲ್ಲಿ ಅಂಥ ಹದಿನೈದು ಪೆಟ್ಟಿಗೆಗಳು. ಒಳಗಿನ ಮಕ್ಕಳಿಗೆ ಚೀಪಲು ಬಾರದು, ನುಂಗಲು ಬಾರದು. ಉಸಿರಾಡುವುದನ್ನೇ ನಡುನಡುವೆ ಮರೆಯುತ್ತಿದ್ದವು. ಬಾಯಿಂದ ಹೊಟ್ಟೆಯವರೆಗೆ ಶಾವಿಗೆಯಷ್ಟು ಸಪೂರದ ನಳಿಕೆ ಇಳಿಬಿಟ್ಟು ಅದರ ಮೂಲಕ ತಾಯಿಯ ಹಾಲು ಹನಿಸಬೇಕು, ಎರಡು ಗಂಟೆಗೊಮ್ಮೆ. ಇಪ್ಪತ್ತಾರು ವರ್ಷದಿಂದ ಆ ಕೆಲಸ ದೊಡ್ಡ ಸಿಸ್ಟರ್ ಮತ್ತು ಅವರ ಕೈಕೆಳಗಿನ ಸಿಸ್ಟರುಗಳದಾಗಿತ್ತು. ಅಪ್ಪ ಅಮ್ಮಂದಿರು ದಿನಕ್ಕೆರಡು ಸಲ ಗಾಜಿನಾಚೆ ನಿಂತು ಇಣುಕಿ ಹೋಗುವ ಗಿರಾಕಿಗಳು. ಹೊಸದಾಗಿ ಬಂದ ಡಾಕ್ಟರ್ ಮೇಡಂ ಆ ಅಪ್ಪ ಅಮ್ಮಂದಿರನ್ನು ಗಾಜಿನೊಳಗೆ ಕರೆದರು. ಕಲಿಸಿ, ನಳಿಕೆ ಅವರೇ ಹಿಡಿಯಲಿ ಎಂದರು.

“ಅವರ ಮಗು, ಅವರ ಕೈ. ನಾಳೆ ಮನೆಗೆ ಹೋದ ಮೇಲೆ ಜೊತೆಗೆ ನೀವು ಹೋಗ್ತೀರಾ ಸಿಸ್ಟರ್?”

“ಮನೆಗೆ ಹೋಗೋ ಹಾಗೆ ಮಾಡೋದು ನನ್ನ ಕೆಲಸ ಮೇಡಂ. ಹೋದ್ಮೇಲಿಂದು ಅವರದು.”

ಆದರೂ ದೊಡ್ಡ ಸಿಸ್ಟರ್ ಕಲಿಸಿದರು. ಮನಸ್ಸಿಲ್ಲದೆ ಮಾಡಿದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವ ಜಾತಿ ಅವರದು. ಮೊದಲು ಗೊಂಬೆಗೆ ನೀರು. ಆಮೇಲೆ ಮೂರು ಸಲ ನಿಂತು ನೋಡುವುದು, ಮೂರು ಸಲ ಅವರ ಕಣ್ಣೆದುರು ಮಾಡುವುದು.

“ಪಾಪು ಅಪ್ಪ, ಕೈ ತೊಳೆದ್ರಾ?”

“ತೊಳೆದೆ ಸಿಸ್ಟರ್.”

“ಮೊಣಕೈವರೆಗೆ?”

“ಮೊಣಕೈವರೆಗೆ.”

“ಉಂಗುರ?”

“ಬಿಚ್ಚಿಟ್ಟಿದೀನಿ.”

“ಇನ್ನೊಂದ್ಸಲ ತೊಳೀರಿ.”

ಕೆಲಸ ಹೀಗೆ. ನಳಿಕೆಯ ಮೇಲೆ ಶಾಯಿಯಲ್ಲಿ ಹಾಕಿದ ಗುರುತು ತುಟಿಯ ಬಳಿಯೇ ಇದೆಯೇ, ಜಾರಿಲ್ಲವೇ ಎಂದು ನೋಡಬೇಕು. ಖಾಲಿ ಸಿರಿಂಜು ಸಿಕ್ಕಿಸಿ ಮೆಲ್ಲಗೆ ಎಳೆಯಬೇಕು. ಹಿಂದಿನ ಹಾಲು ಜೀರ್ಣವಾಗದೆ ಹೊಟ್ಟೆಯಲ್ಲೇ ಕೂತಿದ್ದರೆ ಅದು ವಾಪಸ್ ಬರುತ್ತದೆ. ಎಷ್ಟು, ಯಾವ ಬಣ್ಣ ಎಂದು ನೋಡಿ, ಬರೆದು, ಅದನ್ನು ಮತ್ತೆ ಒಳಗೇ ಬಿಡಬೇಕು. ಆಮೇಲೆ ಸಿರಿಂಜಿನ ತಳ್ಳುವ ಕಡ್ಡಿಯನ್ನು ತೆಗೆದಿಟ್ಟು, ಖಾಲಿ ಕೊಳವೆಯನ್ನು ಮಗುವಿನಿಂದ ಒಂದು ಗೇಣು ಮೇಲೆ ಎತ್ತಿ ಹಿಡಿದು ಹಾಲು ಸುರಿಯಬೇಕು. ಹಾಲು ತನ್ನಷ್ಟಕ್ಕೆ ಇಳಿಯಬೇಕು, ತಳ್ಳಕೂಡದು. ಎಂಟು ಎಂಎಲ್ ಇಳಿಯಲು ಹದಿನೈದು ನಿಮಿಷ. ಎಂಟು ಎಂಎಲ್ ಎಂದರೆ ಒಂದೂವರೆ ಚಮಚ. ದೊಡ್ಡವರು ಕಾಫಿ ಕುಡಿಯುವಾಗ ತಟ್ಟೆಗೆ ಚೆಲ್ಲುವಷ್ಟು.

“ವಾಪಸ್ ಬಂದದ್ದು ಎರಡು ಎಂಎಲ್ ದಾಟಿದ್ರೆ ನನ್ನ ಕರೀಬೇಕು,” ದೊಡ್ಡ ಸಿಸ್ಟರ್ ಬೆರಳು ಮಡಿಚುತ್ತಾ ಹೇಳಿದ್ದರು. “ಹಸಿರು ಬಂದ್ರೆ ಏನನ್ನೂ ಮುಟ್ಟಬಾರದು. ಕೂಗ್ಬೇಕು. ಇಲ್ಲಿ ಯಾರೂ ಕೂಗಬಾರದು ಅಂತ ಗೋಡೇಲಿ ಬರೆದಿದೆಯಲ್ಲ, ಅದನ್ನ ಆಗ ಓದಬೇಡಿ.”

ತಕ್ಕಡಿಯ ಕೈ ನಡುಗಲಿಲ್ಲ. ಉಳಿದ ಅಪ್ಪಂದಿರು ಐದು ನಿಮಿಷಕ್ಕೆ ತೋಳು ನೋವೆಂದು ಕೈ ಬದಲಿಸುತ್ತಿದ್ದರು. ಪಕ್ಕದ ಪೆಟ್ಟಿಗೆಯ ಅಪ್ಪ, ಕಟಿಂಗ್ ಶಾಪಿನವನು, ದಿನವಿಡೀ ಕೈ ಎತ್ತಿಯೇ ದುಡಿಯುವವನಾದರೂ ಸಿರಿಂಜು ಹಿಡಿದರೆ ಬೆವರುತ್ತಿದ್ದ. ಇವನು ಮಾತ್ರ ಹಾಲಿನ ಮಟ್ಟವನ್ನೇ ನೋಡುತ್ತಾ ಕಂಬದ ಹಾಗೆ ನಿಲ್ಲುತ್ತಿದ್ದ. ಗಂಟೆ, ಗುರುತು, ವಾಪಸ್, ಕೊಟ್ಟದ್ದು ಎಂದು ನಾಲ್ಕು ಕಾಲಮ್ಮಿನ ಹಾಳೆಯೊಂದು ಪೆಟ್ಟಿಗೆಗೆ ನೇತುಬಿದ್ದಿತ್ತು. ಅವನ ಅಂಕಿಗಳು ಅದರಲ್ಲಿ ಅಚ್ಚು ಹೊಡೆದ ಹಾಗೆ ಕೂರುತ್ತಿದ್ದವು.

“ಬರೆಯೋದ್ರಲ್ಲಿ ಈ ಪಾಪು ಅಪ್ಪನ್ನ ನೋಡಿ ಕಲೀರಿ,” ಎಂದು ದೊಡ್ಡ ಸಿಸ್ಟರ್ ಕಟಿಂಗ್ ಶಾಪಿನವನಿಗೆ ಹೇಳಿದರು. ಹೊಗಳಿಕೆ ಅವರ ಬಾಯಿಂದ ಬಂದದ್ದು ವಾರ್ಡಿಗೆಲ್ಲ ಸುದ್ದಿಯಾಯಿತು.

ಗಂಡ ಹೆಂಡತಿ ಹಂಚಿಕೊಂಡರು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗಿನ ಆರು ಸಲದಲ್ಲಿ ಮೂರು ಅವಳದು, ಮೂರು ಇವನದು; ಉಳಿದ ಹೊತ್ತು ಸಿಸ್ಟರುಗಳದು. ಮೂರು ವಾರದಲ್ಲಿ ಮಗುವಿನ ತೂಕ ಮೊದಲು ಇಳಿದು, ಆಮೇಲೆ ಏರಿ, ಸಾವಿರದ ನೂರ ಅರವತ್ತಕ್ಕೆ ಬಂತು. ವಾಪಸ್ ಬರುವುದು ಎರಡು ಹನಿ, ಮೂರು ಹನಿ. ಅಷ್ಟಕ್ಕೆ ಸೊನ್ನೆ ಎಂದೇ ಬರೆಯಿರಿ ಎಂದು ದೊಡ್ಡ ಸಿಸ್ಟರೇ ಹೇಳಿದ್ದರು.

ಆ ದಿನ ಬೆಳಿಗ್ಗೆ ಮೇಡಂ ಸುತ್ತು ಬಂದಾಗ ಹಾಳೆ ನೋಡಿ ಹೇಳಿದರು: “ಇವತ್ತೊಂದು ದಿನ ಹೀಗೇ ಹೋದ್ರೆ ನಾಳೆ ಹತ್ತು ಎಂಎಲ್ ಮಾಡೋಣ. ಹತ್ತಾದ್ರೆ ಡ್ರಿಪ್ ಬೇಡ, ಸೂಜಿ ತೆಗೆದುಬಿಡ್ತೀನಿ. ಅಮ್ಮ ಎದೆ ಮೇಲೆ ಹಾಕ್ಕೊಂಡು ಕೂರಬಹುದು.”

ಆ ಸೂಜಿಯನ್ನು ಮಗುವಿನ ಹಣೆಯ ಪಕ್ಕ ಚುಚ್ಚಿದ್ದರು. ಹೆಂಡತಿ ಅದನ್ನು ನೋಡಲಾರದೆ ಯಾವಾಗಲೂ ಮಗುವಿನ ಕಾಲಿನ ಕಡೆ ನಿಲ್ಲುತ್ತಿದ್ದಳು. ಅಂದು ಅವಳಿಗೆ ಜ್ವರ. ಒಳಗೆ ಬರುವಂತಿರಲಿಲ್ಲ, ತಾಯಂದಿರ ಕೋಣೆಯಲ್ಲಿ ಮುಖಗವಸು ಹಾಕಿ ಕೂತು, ಹಿಂಡಿದ ಹಾಲನ್ನು ಬಾಟಲಿಯಲ್ಲಿ ತನ್ನ ತಾಯಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಅತ್ತೆ ಅದನ್ನು ಗಾಜಿನ ಬಾಗಿಲವರೆಗೆ ತಂದು ಅಳಿಯನಿಗೆ ಕೊಡುವರು.

“ಅಳಿಯಂದ್ರೇ, ಕೇಳ್ತಿದಾಳೆ. ನಾಳೆ ಸೂಜಿ ಖಂಡಿತ ತೆಗೀತಾರಂತಾ ಅಂತ.”

“ಇವತ್ತು ಸರಿ ಹೋದ್ರೆ ತೆಗೀತಾರೆ ಅತ್ತೆ.”

“ಸರಿ ಹೋಗುತ್ತೆ ಅಂತ ಹೇಳಲಾ?”

“ಹೇಳಿ.”

ಹೀಗೆ ಅಂದಿನ ಆರು ಸಲವೂ ಅವನ ಪಾಲಿಗೇ ಬಂತು. ಎಂಟು ಗಂಟೆಗೆ ಎಳೆದಾಗ ಒಂದು ಎಂಎಲ್ ವಾಪಸ್ ಬಂತು. ಬಿಳಿ ಹಾಲೇ. ಅವನು ಅದನ್ನು ಒಳಗೆ ಬಿಟ್ಟ, ಕೊಡಬೇಕಾದ ಎಂಟರಲ್ಲಿ ಒಂದು ಆಗಲೇ ಒಳಗಿದೆಯಲ್ಲ ಎಂದು ಏಳು ಸುರಿದ. ಹಾಳೆಯ ಮುಂದೆ ಪೆನ್ನು ಹಿಡಿದು ನಿಂತ. ಇಪ್ಪತ್ತಮೂರು ವರ್ಷದ ಕೈ ಅದು. ಹೋದದ್ದೇ ಬಂದಿದೆ, ಬಂದದ್ದೇ ಒಳಗೆ ಹೋಗಿದೆ. ಹಾಗಾದರೆ ವಾಪಸ್ ಸೊನ್ನೆ. ಹೊಟ್ಟೆಯಲ್ಲೀಗ ಎಂಟಿದೆ, ಹಾಗಾದರೆ ಕೊಟ್ಟದ್ದು ಎಂಟು. ಬರೆದ.

ಹತ್ತು ಗಂಟೆಗೆ ಒಂದೂವರೆ. ಹನ್ನೆರಡಕ್ಕೆ ಎರಡು. ಎರಡು ಗಂಟೆಗೆ ಎರಡೂವರೆ ಬಂತು. ದೊಡ್ಡ ಸಿಸ್ಟರನ್ನು ಕರೆಯಬೇಕಿತ್ತು. ತಿರುಗಿ ನೋಡಿದ. ಆಚೆ ಮೂಲೆಯಲ್ಲಿ ಒಂದು ಮಗು ಉಸಿರು ಮರೆತಿತ್ತು. ದೊಡ್ಡ ಸಿಸ್ಟರ್ ಅದರ ಅಂಗಾಲಿಗೆ ಬೆರಳಿಂದ ತಟ್ಟುತ್ತಿದ್ದರು, ಇನ್ನಿಬ್ಬರು ಸುತ್ತ ನಿಂತಿದ್ದರು. ಅವನು ಸಿರಿಂಜು ಹಿಡಿದು ಸ್ವಲ್ಪ ಹೊತ್ತು ಕಾದ. ಆ ಮಗು ಉಸಿರಾಡಿತು, ದೊಡ್ಡ ಸಿಸ್ಟರ್ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತರು. ಅವನು ಕರೆಯಲಿಲ್ಲ. ಎರಡೂವರೆ ಒಳಗೆ ಬಿಟ್ಟು ಐದೂವರೆ ಸುರಿದು, ಸೊನ್ನೆ, ಎಂಟು ಎಂದು ಬರೆದ. ನಾಲ್ಕಕ್ಕೆ ಮೂರು. ಆರಕ್ಕೆ ಮೂರೂವರೆ, ಸ್ವಲ್ಪ ಹಳದಿಗೆ ತಿರುಗಿದಂತಿತ್ತು. ಹಾಳೆಯಲ್ಲಿ ಒಂದರ ಕೆಳಗೊಂದು ಆರು ಸೊನ್ನೆಗಳು, ಆರು ಎಂಟುಗಳು, ಸಾಲು ಒಂದಿಷ್ಟೂ ಓರೆಯಾಗಿರಲಿಲ್ಲ.

ಕರೆಯಲಿಲ್ಲ ಯಾಕೆ ಎಂದು ಆಮೇಲೆ ಎಷ್ಟೋ ಜನ ಅವನನ್ನು ಕೇಳಿದರು. “ವಾಪಸ್ ಹಾಕಿದ್ನಲ್ಲ” ಎನ್ನುತ್ತಿದ್ದ. ಅದು ನಿಜ. ನಾಳೆ ಸೂಜಿ ತೆಗೆಯಬೇಕಿತ್ತು ಎಂಬುದೂ ನಿಜ. ಎರಡು ನಿಜಗಳಲ್ಲಿ ಯಾವುದರ ಪಾಲು ಎಷ್ಟು ಎಂದು ತೂಗಿ ಹೇಳಲು ಅವನ ಕೈಲೂ ಆಗಲಿಲ್ಲ.

ರಾತ್ರಿ ಪಾಳಿಯ ಸಿಸ್ಟರ್ ಎಂಟು ಗಂಟೆಗೆ ಬಂದು ಮೊದಲ ಸಲ ಎಳೆದಾಗ ಐದು ಎಂಎಲ್ ಬಂತು. ಹಸಿರು. ಮಗುವಿನ ಹೊಟ್ಟೆ ಗಾಳಿ ತುಂಬಿದ ಬಲೂನಿನ ಹಾಗೆ ಬಿಗಿದು ಹೊಳೆಯುತ್ತಿತ್ತು. ಆ ಸಿಸ್ಟರ್ ಗೋಡೆಯ ಬರಹವನ್ನು ಓದಲಿಲ್ಲ, ಕೂಗಿದರು.

ಮನೆಗೆ ಹೊರಟು ಹೆಗಲಿಗೆ ಬ್ಯಾಗು ಹಾಕಿಕೊಂಡಿದ್ದ ಮೇಡಂ ಬ್ಯಾಗಿನ ಸಮೇತ ಓಡಿ ಬಂದರು. ಹಾಲು ನಿಲ್ಲಿಸಿದರು. ಎಕ್ಸ್-ರೇ ತೆಗೆಸಿದರು. ಕರುಳಿಗೆ ಸೋಂಕು, ಊದಿಕೊಂಡಿದೆ ಎಂದರು. ಆಮೇಲೆ ಹಾಳೆ ಹಿಡಿದು ಬೆರಳಿಟ್ಟು ಓದಿದರು.

“ಸೊನ್ನೆ, ಸೊನ್ನೆ, ಸೊನ್ನೆ. ಆರು ಗಂಟೆವರೆಗೂ ಸೊನ್ನೆ. ಎರಡು ಗಂಟೇಲಿ ಇಷ್ಟಾಗೋಕೆ ಹೇಗೆ ಸಾಧ್ಯ? ಇವತ್ತು ಏನು ಬದಲಾಯ್ತು ಸಿಸ್ಟರ್?”

ದೊಡ್ಡ ಸಿಸ್ಟರಿನ ಪಾಳಿ ಮುಗಿದಿತ್ತು. ಹೋಗಿರಲಿಲ್ಲ. “ಅಮ್ಮನಿಗೆ ಜ್ವರ ಮೇಡಂ. ಇವತ್ತಿನ ಹಾಲು ಜ್ವರದಲ್ಲಿ ತೆಗೆದದ್ದು.”

“ಜ್ವರದ ಹಾಲು ಸಾಮಾನ್ಯವಾಗಿ ಏನೂ ಮಾಡಲ್ಲ.” ಮೇಡಂ ಹಾಳೆಯನ್ನು ಇನ್ನೊಂದು ಸಲ ಮೇಲಿಂದ ಕೆಳಗೆ ನೋಡಿದರು. “ಬೇರೆ ಏನೂ ಕಾಣ್ತಿಲ್ಲ. ತೆಗೆಯೋವಾಗ ಏನಾದ್ರೂ ಸೇರಿತೋ ಏನೋ. ಫ್ರಿಜ್ಜಲ್ಲಿರೋ ಅಮ್ಮನ ಹಾಲೆಲ್ಲ ಚೆಲ್ಲಿಬಿಡಿ. ಬದುಕಿದ್ರೆ ಮುಂದೆ ಪುಡಿ ಹಾಲು ನೋಡೋಣ.”

ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಕೂಗು ಕೇಳಿ ಬಂದ ಹೆಂಡತಿ ಅದರಾಚೆ ಶಾಲು ಹೊದ್ದು ನಿಂತಿದ್ದಳು, ಅತ್ತೆ ಅವಳ ತೋಳು ಹಿಡಿದಿದ್ದರು. ಮುಖಗವಸಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು.

“ಚೆಲ್ಲಿಬಿಡಿ ಮೇಡಂ,” ಎಂದಳು. “ಮೊದಲ್ನೇದೂ ನನ್ನಿಂದಲೇ ತಾನೆ ಹೋದದ್ದು. ಹೊಟ್ಟೇಲಿ ಇಟ್ಕೊಳ್ಳೋಕೆ ಬರಲಿಲ್ಲ, ಹಾಲು ಕೊಡೋಕೂ ಬರಲಿಲ್ಲ.”

ಆ ಹೊತ್ತಿಗೆ ವಾರ್ಡಿನಲ್ಲಿ ನಿಜ ಗೊತ್ತಿದ್ದವನು ಒಬ್ಬನೇ. ಅವನು ಸುಮ್ಮನಿದ್ದರೆ ಹಾಳೆಯೂ ಸುಮ್ಮನಿರುತ್ತಿತ್ತು. ಅದರ ಅಕ್ಷರ ಅಷ್ಟು ಚೆನ್ನಾಗಿತ್ತು.

“ಹಾಲಲ್ಲ ಮೇಡಂ,” ಎಂದ ತಕ್ಕಡಿ.

“ಏನಂದ್ರಿ?”

“ಹಾಲಿನ ತಪ್ಪಲ್ಲ. ಬೆಳಿಗ್ಗೆಯಿಂದ ಬರ್ತಾ ಇತ್ತು.”

“ಏನು ಬರ್ತಾ ಇತ್ತು?”

“ವಾಪಸ್. ಎಂಟಕ್ಕೆ ಒಂದು. ಹತ್ತಕ್ಕೆ ಒಂದೂವರೆ. ಹನ್ನೆರಡಕ್ಕೆ ಎರಡು. ಎರಡು ಗಂಟೆಗೆ ಎರಡೂವರೆ. ನಾಲ್ಕಕ್ಕೆ ಮೂರು. ಆರಕ್ಕೆ ಮೂರೂವರೆ, ಅದು ಹಳದಿ ಇತ್ತು.”

ಮಗ್ಗಿ ಒಪ್ಪಿಸುವವನ ಹಾಗೆ ಹೇಳಿ ನಿಲ್ಲಿಸಿದ. ಬರೆಯದ ಅಂಕಿಗಳು ಅವನ ತಲೆಯಲ್ಲಿ ಒಂದೂ ತಪ್ಪದೆ ಕೂತಿದ್ದವು.

“ಇಲ್ಲಿ ಸೊನ್ನೆ ಅಂತ ಬರೆದಿದೀರಲ್ಲ,” ಮೇಡಂ ಹಾಳೆಯನ್ನು ಅವನ ಕಡೆ ತಿರುಗಿಸಿದರು.

“ಮತ್ತೆ ಒಳಗೇ ಬಿಟ್ನಲ್ಲ ಮೇಡಂ. ಅದಕ್ಕೆ ಸೊನ್ನೆ.”

“ಕೊಟ್ಟದ್ದು ಎಂಟು ಅಂತಿದೆ.”

“ಒಳಗೆ ಎಂಟೇ ಇತ್ತು. ಮೂರು ಹಳೇದು, ಐದು ಹೊಸದು.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ನಿಮ್ಮ ಲೆಕ್ಕ ಸರಿಯಾಗಿದೆ,” ಎಂದರು. “ಹಳೇದನ್ನ ಕಳೆದು ಕೊಡೋದು ನಾವೂ ಮಾಡ್ತೀವಿ. ಬರೆದು ಮಾಡ್ತೀವಿ. ಆ ವಾಪಸ್ ಅನ್ನೋ ಕಾಲಮ್ಮು ಹಾಲಿಗಲ್ಲ, ನನಗೆ. ಬೆಳಿಗ್ಗೆ ಬಂದು ನಾನು ನೋಡೋದು ಅದೊಂದನ್ನೇ. ಹತ್ತು ಗಂಟೆಗೇ ಗೊತ್ತಾಗಿದ್ರೆ…” ಅಲ್ಲಿಗೆ ನಿಲ್ಲಿಸಿ, ಅಮ್ಮನ ಹಾಲು ಚೆಲ್ಲಬೇಡಿ ಎಂದು ದೊಡ್ಡ ಸಿಸ್ಟರಿಗೆ ಹೇಳಿ, ಮಗುವಿನ ಕಡೆ ತಿರುಗಿದರು.

ಹೆಂಡತಿ ಬಾಗಿಲಿನಿಂದ ಅವನನ್ನು ಒಂದು ಸಲ ನೋಡಿದಳು. ಅಮ್ಮನ ಕೈ ಬಿಡಿಸಿಕೊಂಡು ತಾಯಂದಿರ ಕೋಣೆಗೆ ಹೋಗಿ, ಹಾಲು ತೆಗೆಯುವ ಹೊತ್ತಾಗಿತ್ತು, ತೆಗೆಯಲು ಕೂತಳು.

ಮಾರನೇ ದಿನದಿಂದ ‘ಕೊಟ್ಟದ್ದು’ ಎಂಬ ಕಡೆ ಮೇಲಿಂದ ಕೆಳಗೆ ಒಂದು ಗೆರೆ. ಹಾಲಿಲ್ಲ. ಬರೀ ಡ್ರಿಪ್, ಆಂಟಿಬಯೋಟಿಕ್. ಹೊಟ್ಟೆಯ ಸುತ್ತಳತೆಯನ್ನು ಟೇಪು ಹಿಡಿದು ಆರು ಗಂಟೆಗೊಮ್ಮೆ ಅಳೆಯುತ್ತಿದ್ದರು. ಕರುಳು ತೂತಾದರೆ ಆಪರೇಷನ್, ಆಪರೇಷನ್ ಆದರೆ ಇಷ್ಟು ಚಿಕ್ಕ ಮಗು ತಡೆಯುವುದು ಕಷ್ಟ ಎಂದು ಮೇಡಂ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಹೇಳಿದರು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿಯಿತ್ತು.

ಮೂರನೇ ದಿನ ತೂಕ ಸಾವಿರದ ಇನ್ನೂರ ಹತ್ತಕ್ಕೆ ಏರಿತು. ತಕ್ಕಡಿಯ ಮುಖದಲ್ಲಿ ಏನೋ ಮೂಡಿದ್ದನ್ನು ಕಂಡು ಆ ದಿನದ ಸಿಸ್ಟರ್ ಅವಸರದಿಂದ ಹೇಳಿದರು: “ಅದು ಬೆಳೆದಿದ್ದಲ್ಲ ಪಾಪು ಅಪ್ಪ. ಮೈಯೆಲ್ಲ ನೀರು. ಬಾವು.” ಅಂಕಿಗಳ ಜೊತೆ ಬದುಕಿದವನಿಗೆ ಅಂಕಿ ಏರಿದ್ದಕ್ಕೆ ಹೆದರಿಕೆಯಾದದ್ದು ಅಂದೇ.

ದೊಡ್ಡ ಸಿಸ್ಟರ್ ಸಿರಿಂಜು, ನಳಿಕೆಗಳಿದ್ದ ಹಾಲಿನ ತಟ್ಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇನ್ನುಳಿದ ಹದಿನಾಲ್ಕು ಪೆಟ್ಟಿಗೆಗಳ ಅಪ್ಪ ಅಮ್ಮಂದಿರೂ ಮತ್ತೆ ಗಾಜಿನಾಚೆ. ಕೈ ತೊಳೆಯುವ ನಲ್ಲಿಯ ಹತ್ತಿರ ಕಟಿಂಗ್ ಶಾಪಿನವನು ತಕ್ಕಡಿಯನ್ನು ಹಿಡಿದ.

“ಅಲ್ಲಪ್ಪಾ, ನಿನ್ನಿಂದ ನಮ್ಮ ಕೈಗೂ ಬೀಗ ಬಿತ್ತು.”

“ಹೌದು.”

“ಹೌದು ಅಂತೀಯಲ್ಲ ಇಷ್ಟು ಆರಾಮಾಗಿ.”

“ಇಲ್ಲ ಅಂದ್ರೆ ಬೀಗ ತೆಗೀತಾರಾ?”

ಕಟಿಂಗ್ ಶಾಪಿನವನು ನಲ್ಲಿ ತಿರುಗಿಸಿ ಕೈ ತೊಳೆದ. ಒಳಗೆ ಬಿಡುವುದಿಲ್ಲವೆಂದು ಗೊತ್ತಿದ್ದೂ ಮೊಣಕೈವರೆಗೆ ತೊಳೆದ. “ನಿನ್ನ ಮುಖ ನೋಡಿದ್ರೆ ಸರಿಯಾಗಿ ಬೈಯೋಕೂ ಆಗಲ್ಲ ಮಾರಾಯ,” ಎಂದು ಹೋದ.

ಐದನೇ ದಿನ ಮೇಡಂ ಬೀಗ ತೆಗೆಸಿದರು. ಇನ್ನು ಮುಂದೆ ವಾಪಸ್ ಬಂದ ಸಿರಿಂಜನ್ನು ಒಬ್ಬ ಸಿಸ್ಟರ್ ಕಣ್ಣಾರೆ ನೋಡಿ ಸಹಿ ಹಾಕಬೇಕು, ಆಮೇಲೆಯೇ ಹಾಲು. ದೊಡ್ಡ ಸಿಸ್ಟರಿಗೂ ಮೇಡಂಗೂ ಕೋಣೆಯೊಳಗೆ ನಡೆದ ಮಾತು ಹೊರಗೆ ಒಂದಿಷ್ಟು ಕೇಳಿಸಿತು.

“ನಾನು ಮೊದಲೇ ಹೇಳಿದ್ದೆ ಮೇಡಂ.”

“ಹೇಳಿದ್ರಿ. ಆರು ಸಲದಲ್ಲಿ ಒಂದ್ಸಲ ನಾವು ಯಾರಾದ್ರೂ ಹೋಗಿ ನೋಡಿದ್ವಾ ಸಿಸ್ಟರ್?”

ದೊಡ್ಡ ಸಿಸ್ಟರ್ ಹೊರಗೆ ಬಂದು ಹಾಲಿನ ತಟ್ಟೆಯನ್ನು ಕಪಾಟಿನಿಂದ ತೆಗೆದಿಟ್ಟರು.

ಹೆಂಡತಿಯ ಜ್ವರ ಬಿಟ್ಟಿತು. ಮಾತು ಹೊರಡಲಿಲ್ಲ. ಒಂದೇ ಬೆಂಚಿನಲ್ಲಿ ಮೂವರೂ ಕೂತಿರುವಾಗ ಅವಳು ಅಮ್ಮನಿಗೆ ಹೇಳುವಳು: “ಅಮ್ಮ, ಊಟ ಮಾಡ್ಬೇಕಂತ ಅವರಿಗೆ ಹೇಳು.” ಅತ್ತೆ ಅಳಿಯನ ಕಡೆ ತಿರುಗಿ, “ಅಳಿಯಂದ್ರೇ, ಊಟ ಮಾಡ್ಬೇಕಂತೆ.” ಅವನು ಅತ್ತೆಗೆ, “ಹಸಿವಿಲ್ಲ ಅಂತ ಹೇಳಿ ಅತ್ತೆ.” ಎರಡು ದಿನ ಈ ಅಂಚೆ ಹೊತ್ತು ಅತ್ತೆಗೆ ಸಾಕಾಯಿತು. “ನಾನೇನು ನಿಮ್ಮಿಬ್ಬರ ಮಧ್ಯದ ಟ್ಯೂಬಾ?” ಎಂದು ಎದ್ದು ಹೋಗಿ ಕಾರಿಡಾರಿನ ಕೊನೆಯ ಕುರ್ಚಿಯಲ್ಲಿ ಕೂತರು. ಯಾರೂ ನಗಲಿಲ್ಲ. ಅಲ್ಲಿಂದ ಮುಂದೆ ಊಟದ ಮಾತೂ ನಿಂತಿತು.

ಕುಡಿಯುವವಳಿಲ್ಲದಿದ್ದರೂ ಹೆಂಡತಿ ಮೂರು ಗಂಟೆಗೊಮ್ಮೆ ಹಾಲು ತೆಗೆಯುತ್ತಿದ್ದಳು. ತೆಗೆಯದಿದ್ದರೆ ಬತ್ತುತ್ತದೆ. ಪ್ರತಿ ಬಾಟಲಿಯ ಮೇಲೂ ದಿನ, ಗಂಟೆ ಬರೆದು ಅಂಟಿಸಿ ಫ್ರೀಜರಿನಲ್ಲಿ ಇಡುತ್ತಿದ್ದಳು. ಒಂದು ಸಾಲು ತುಂಬಿತು, ಎರಡನೆಯದು ತುಂಬಿತು. ಪಕ್ಕದ ತಾಯಿಯೊಬ್ಬಳು ಜಾಗ ಕೇಳಿದಾಗ ಬಾಟಲಿಗಳನ್ನು ಒತ್ತೊತ್ತಾಗಿ ಸರಿಸಿ ಕೊಟ್ಟಳು. ಒಂದನ್ನೂ ಹೊರಗೆ ತೆಗೆಯಲಿಲ್ಲ.

ತಕ್ಕಡಿ ಬೆಳಿಗ್ಗೆ ಕೆಲಸಕ್ಕೆ ಹೋಗಿ ಮಧ್ಯಾಹ್ನ ಆಸ್ಪತ್ರೆಗೆ ಬರುತ್ತಿದ್ದ. ಆ ವಾರ ಜಲ್ಲಿಯ ಲಾರಿಯೊಂದು ಹೋದ ಹಾಗೇ ವಾಪಸ್ ಬಂತು. ಇಳಿಸಿಕೊಳ್ಳುವ ಕಡೆ ಆಳುಗಳಿರಲಿಲ್ಲವಂತೆ. ಅವನು ಅದನ್ನು ಹಲಗೆಯ ಮೇಲೆ ನಿಲ್ಲಿಸಿ, ಡ್ರೈವರನ್ನು ಇಳಿಸಿ, ತೂಗಿದ.

“ಇದಕ್ಕೆಲ್ಲ ಯಾಕೋ ತೂಕ? ಅದೇ ಲೋಡು ಕಣೋ.”

“ವಾಪಸ್ ಬಂತಲ್ಲ.”

“ಬಂದ್ರೆ?”

“ಬಂತು ಅಂತ ಬರೀಬೇಕು.”

“ನಿನ್ನ ಪುಸ್ತಕದಲ್ಲಿ ಅದಕ್ಕೆ ಜಾಗ ಎಲ್ಲಿದೆ?”

ಜಾಗವಿರಲಿಲ್ಲ. ಅವನು ಅಂಚಿನಲ್ಲಿ ಬರೆದ. ಅವನು ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಮಾಲೀಕ ಅದನ್ನು ನೋಡಿ ಏನಿದು ಎಂದು ಕೇಳಲು ಬಾಯಿ ತೆರೆದವನು, ಇವನ ಮನೆಯ ಸಂಗತಿ ನೆನಪಾಗಿ ಪುಸ್ತಕ ಮುಚ್ಚಿದ.

ಏಳನೇ ದಿನ ಹೊಟ್ಟೆಯ ಸುತ್ತಳತೆ ಒಂದು ಸೆಂಟಿಮೀಟರ್ ಇಳಿಯಿತು. ಎಂಟನೇ ದಿನ ಅಷ್ಟೇ ಇತ್ತು. ಒಂಬತ್ತನೇ ದಿನ ಇನ್ನರ್ಧ ಇಳಿಯಿತು. ನಳಿಕೆಯಲ್ಲಿ ಹಸಿರು ಹೋಗಿ ಹಳದಿ, ಹಳದಿ ಹೋಗಿ ನೀರಿನಂಥದ್ದು ಬರತೊಡಗಿತು. ಮೈಯ ನೀರು ಇಳಿದು ತೂಕ ಸಾವಿರದ ನೂರಕ್ಕೆ ಕುಸಿಯಿತು; ಮೂರು ವಾರ ಗಳಿಸಿದ್ದರಲ್ಲಿ ಅರ್ಧ ಹೋಗಿತ್ತು. ಚರ್ಮ ಮಡಿಕೆ ಮಡಿಕೆಯಾಗಿ, ದೊಡ್ಡ ಅಳತೆಯ ಅಂಗಿ ತೊಡಿಸಿದ ಹಾಗೆ ಜೋಲುತ್ತಿತ್ತು. ಹನ್ನೊಂದನೇ ದಿನ ಬೆಳಿಗ್ಗೆ ಮೇಡಂ ಎಕ್ಸ್-ರೇ ಹಿಡಿದು ಬೆಳಕಿಗೆ ನೋಡಿದರು, ಎರಡು ಸಲ.

“ಒಂದು ಎಂಎಲ್ ಕೊಟ್ಟು ನೋಡೋಣ. ತಡೆದ್ರೆ ನಾಳೆ ಎರಡು. ತಡೀದಿದ್ರೆ…” ಅವರಿಗೆ ವಾಕ್ಯಗಳನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಬಂದಿತ್ತು. “ಯಾರು ಕೊಡ್ತೀರಿ?”

ದೊಡ್ಡ ಸಿಸ್ಟರ್ ಆಗಲೇ ಮೊಣಕೈವರೆಗೆ ಕೈ ತೊಳೆದು ಬಂದು ನಿಂತಿದ್ದರು. ತಕ್ಕಡಿ ಗೋಡೆಗೆ ಒರಗಿ ದೂರದಲ್ಲಿದ್ದ. ಹನ್ನೊಂದು ದಿನದಿಂದ ಅವನು ಪೆಟ್ಟಿಗೆಯಿಂದ ಎರಡು ಮಾರು ದೂರವೇ ನಿಲ್ಲುತ್ತಿದ್ದ. ಮೇಡಂ ಹೆಂಡತಿಯ ಕಡೆ ನೋಡಿದರು.

ಅವಳು ಮಗುವಿನ ಕಾಲಿನ ಕಡೆ ನಿಂತಿದ್ದಳು. ಪೆಟ್ಟಿಗೆಗೆ ನೇತುಬಿದ್ದ ಹಾಳೆಯನ್ನು ಕೊಂಡಿಯಿಂದ ಬಿಡಿಸಿ ಕೈಗೆ ತೆಗೆದುಕೊಂಡಳು.

“ಅವರು ಹಿಡೀಲಿ,” ಎಂದಳು. “ನನ್ನ ಕೈ ನಡುಗುತ್ತೆ, ಅವರದು ನಡುಗಲ್ಲ. ಬರೆಯೋದು ನಾನು.”

ದೊಡ್ಡ ಸಿಸ್ಟರ್ ಮೇಡಂ ಮುಖ ನೋಡಿದರು. ಮೇಡಂ ತಲೆ ಆಡಿಸಿದರು. ದೊಡ್ಡ ಸಿಸ್ಟರ್ ತಕ್ಕಡಿಯ ಕಡೆ ತಿರುಗಿ, “ಏನು ನಿಂತಿದೀರಿ ಪಾಪು ಅಪ್ಪ, ಕೈ ತೊಳೀರಿ,” ಎಂದರು. ಅವನು ತೊಳೆದು ಬಂದ. ಇನ್ನೊಂದು ಸಲ ಎಂದು ಅವರು ಹೇಳುವ ಮೊದಲೇ ಹೋಗಿ ಇನ್ನೊಂದು ಸಲ ತೊಳೆದು ಬಂದ.

ಗುರುತು ನೋಡಿದ. ಸಿರಿಂಜು ಸಿಕ್ಕಿಸಿದ. ಎಳೆದ. ಅವಳು ಕೊಟ್ಟ ಹೊಗಳಿಕೆ ಸುಳ್ಳಾಗುವ ಹಾಗೆ ಅವನ ಕೈ ನಡುಗಿತು. ದೊಡ್ಡ ಸಿಸ್ಟರ್ ಕೆಳಗಿನಿಂದ ಅವನ ಮೊಣಕೈಗೆ ತಮ್ಮ ಅಂಗೈ ಕೊಟ್ಟು ನಿಂತರು.

“ಎಷ್ಟು ಬಂತು?” ಎಂದಳು ಹೆಂಡತಿ. ಹನ್ನೊಂದು ದಿನದಲ್ಲಿ ಅವನಿಗೇ ನೇರವಾಗಿ ಆಡಿದ ಮೊದಲ ಮಾತು.

“ಅರ್ಧ. ಅರ್ಧಕ್ಕೂ ಒಂದು ಗೆರೆ ಕಮ್ಮಿ. ನೀರಿನ ಬಣ್ಣ.”

ಅವಳು ಬಗ್ಗಿ, ಕಾಜಾ ನೋಡುವ ಕಣ್ಣಿನಿಂದ ಸಿರಿಂಜಿನ ಗೆರೆಗಳನ್ನು ಒಂದೊಂದಾಗಿ ಎಣಿಸಿದಳು. ದೊಡ್ಡ ಸಿಸ್ಟರಿಗೂ ತೋರಿಸಿ, “ಒಂದು ಗೆರೆ ಕಮ್ಮೀನೇನಾ ಸಿಸ್ಟರ್?” ಎಂದು ಕೇಳಿದಳು. ಅವರು ಹೌದೆಂದ ಮೇಲೆ ಬರೆದಳು, ಅವನು ಅದನ್ನು ಮತ್ತೆ ಒಳಗೆ ಬಿಟ್ಟ. ಆಮೇಲೆ ಹಾಲಿನ ಬಾಟಲಿ ಬಿಚ್ಚಿ ಅವನ ಕಡೆ ಚಾಚಿದಳು.

ಅವನು ಒಂದು ಎಂಎಲ್ ಸುರಿದು, ಸಿರಿಂಜನ್ನು ಗೇಣೆತ್ತರಕ್ಕೆ ಎತ್ತಿ ಹಿಡಿದ. ಹಾಲು ಇಳಿಯಲೋ ಬೇಡವೋ ಎಂದು ಒಂದು ಕ್ಷಣ ನಿಂತಿತ್ತು. ಆಮೇಲೆ ಇಳಿಯಿತು. ಮುಂದಿನ ಸಲ ಎಳೆದಾಗ ಏನು ಬರುತ್ತದೆಂದು ತಿಳಿಯಲು ಇನ್ನೂ ಎರಡು ಗಂಟೆ ಬೇಕಿತ್ತು. ಇಬ್ಬರೂ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಎರಡು ಪಕ್ಕ ಕೂತರು. ಹಾಳೆ ಅವಳ ಮಡಿಲಲ್ಲೇ ಇತ್ತು.